ಬಿನ್ನವತ್ತಳೆಯ ನಾಲ್ಕನೇ ಸಾಲು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಶಾಖಾ ಗ್ರಂಥಾಲಯದ ಗ್ರಂಥಪಾಲಕರೇ, ಮುಂದಿನ ಸಾಲಿನಲ್ಲಿ ಕುಳಿತು ಆಗಲೇ ಗಡಿಯಾರ ನೋಡುತ್ತಿರುವ ನನ್ನ ಅಕ್ಕನೇ, ನನ್ನ ಶನಿವಾರದ ವಿದ್ಯಾರ್ಥಿಗಳೇ ಮತ್ತು ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಎರಡು ಪುಟ ಬರೆದುಕೊಂಡು ಬಂದಿದ್ದೆ. ಚೆನ್ನಾಗಿಯೇ ಬರೆದಿದ್ದೆ. ಆದರೆ ಈಗ ತಾನೇ ಗ್ರಂಥಪಾಲಕರು ನನ್ನ ಬಿನ್ನವತ್ತಳೆ ಓದಿದರಲ್ಲ, ಅದರ ನಾಲ್ಕನೇ ಸಾಲಿಗೆ ನೀವೆಲ್ಲ ಚಪ್ಪಾಳೆ ತಟ್ಟಿದಿರಲ್ಲ, ಆಗ ಆ ಪುಟಗಳನ್ನು ಮಡಚಿ ಚೀಲಕ್ಕೆ ಹಾಕಿಬಿಟ್ಟೆ. ಆ ಸಾಲನ್ನು ಇನ್ನೊಮ್ಮೆ ಓದುತ್ತೇನೆ. "ಕಾಲೇಜು ಸೇರುವ ಹೊತ್ತಿಗೆ ವಿಷಮಶೀತ ಜ್ವರ ಬಂದು ಒಂದು ವರ್ಷ ಹಾಸಿಗೆ ಹಿಡಿದರೂ ಛಲ ಬಿಡದೆ ವಿಜ್ಞಾನಿಯಾದ ಧೀಮಂತೆ." ಈ ಸಾಲಿನ ಬಗ್ಗೆ ಮಾತಾಡಬೇಕು. ಅದಕ್ಕೆ ಮುಂಚೆ ನನ್ನ ಕೆಲಸದ ವಿಚಾರ ಸ್ವಲ್ಪ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಬೆನ್ನ ಹಿಂದೆ ನೀವು ನನ್ನನ್ನು ಅಂಟಮ್ಮ ಎಂದು ಕರೆಯುತ್ತೀರಿ. ಗೊತ್ತು. ಬೇಜಾರೇನಿಲ್ಲ. ಚಪ್ಪಲಿಯ ಅಟ್ಟೆಗೆ ಹಾಕುವ ಅಂಟನ್ನು ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ಮಳೆಯಲ್ಲಿ ನೆನೆದರೂ ನಿಮ್ಮ ಚಪ್ಪಲಿ ಬಾಯಿ ಬಿಟ್ಟಿಲ್ಲ ಎಂದರೆ ಅದರಲ್ಲಿ ನನ್ನ ಪಾಲೂ ಇದೆ. ಬಾಯಿ ಬಿಟ್ಟಿದ್ದರೆ ಅದು ಬೇರೆ ಕಂಪನಿಯದು.

ಕೆಲಸಕ್ಕೆ ಸೇರಿದ ಮೊದಲ ದಿನ ಹೊಸ ರಬ್ಬರು ತೆಗೆದುಕೊಂಡು ಹೋಗಿದ್ದೆ. ಪರಿಮಳದ ರಬ್ಬರು. ನಮ್ಮ ಪ್ರಯೋಗಾಲಯದ ಹಿರಿಯರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು: "ಇದ್ಯಾಕಮ್ಮ ಇಲ್ಲಿ?"

"ತಪ್ಪಾದ್ರೆ ಅಳಿಸೋದಕ್ಕೆ ಸರ್."

"ಇಲ್ಲಿ ಅಳಿಸೋ ಹಾಗಿಲ್ಲ. ತಪ್ಪಾದ್ರೆ ಒಂದೇ ಗೆರೆ ಎಳಿ. ಕೆಳಗಿರೋದು ಓದೋಕೆ ಬರ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರಿ, ಸಹಿ ಹಾಕು, ತಾರೀಕು ಹಾಕು."

ಅಷ್ಟು ಹೇಳಿ ರಬ್ಬರನ್ನು ಕಸದ ಬುಟ್ಟಿಗೆ ಎಸೆದರು. ಹೊಟ್ಟೆ ಉರಿಯಿತು. ಆದರೆ ಅವರ ಮಾತು ಸರಿಯಾಗಿತ್ತು. ಅಂಟಿನ ಕೆಲಸವೇ ಹಾಗೆ. ಅಂಟಿಸಿದ್ದನ್ನು ಯಂತ್ರಕ್ಕೆ ಸಿಕ್ಕಿಸಿ ಕಿತ್ತು ಬರುವವರೆಗೆ ಎಳೆಯಬೇಕು. ಎಷ್ಟು ಭಾರಕ್ಕೆ ಕಿತ್ತುಬಂತು, ಎಲ್ಲಿ ಕಿತ್ತುಬಂತು ಎಂದು ಬರೆಯಬೇಕು. ಕಿತ್ತುಬಂದದ್ದನ್ನು ಮುಚ್ಚಿಟ್ಟರೆ ನಾಳೆ ಯಾರದೋ ಕಾಲಿನ ಕೆಳಗೆ ಅದೇ ಜಾಗ ಬಿಟ್ಟುಕೊಳ್ಳುತ್ತದೆ.

ನಿವೃತ್ತಿಯಾದ ಮೇಲೆ ಪೇಪರ್ ಓದಲು ಇಲ್ಲಿಗೆ ಬರುತ್ತಿದ್ದೆ. ಒಂದು ದಿನ ಪಕ್ಕದ ಕುರ್ಚಿಯಲ್ಲಿ ಒಬ್ಬಳು ಕಾಲೇಜಿನ ಅರ್ಜಿ ತುಂಬುತ್ತಾ, ಕಾಗದ ತೂತಾಗುವ ಹಾಗೆ ರಬ್ಬರು ಉಜ್ಜುತ್ತಿದ್ದಳು. ನೋಡಲಾಗಲಿಲ್ಲ. ಮೂಗು ತೂರಿಸಿದೆ. ಮುಂದಿನ ವಾರ ಅವಳು ಇಬ್ಬರು ಗೆಳತಿಯರನ್ನು ಕರೆತಂದಳು. ಎಂಟು ವರ್ಷದಿಂದ ಶನಿವಾರ ಮೂರರಿಂದ ಆರು, ಪೇಪರ್ ಕೋಣೆಯ ಉದ್ದನೆಯ ಮೇಜು ನಮ್ಮದೇ ಆಗಿದೆ. ಪೇಪರ್ ಓದುವ ಹಿರಿಯರು ಇದನ್ನು ಇನ್ನೂ ಕ್ಷಮಿಸಿಲ್ಲ. ನಮ್ಮ ಮೇಜಿನ ನಿಯಮ ಒಂದೇ: ರಬ್ಬರು ತರಬಾರದು. ನಿಮ್ಮ ಬಗ್ಗೆ ಬರೆಯಿರಿ ಎಂದು ಅರ್ಜಿ ಕೇಳಿದರೆ, ಎಲ್ಲಿ ಗೆದ್ದಿರಿ ಎಂದಷ್ಟೇ ಅಲ್ಲ, ಎಲ್ಲಿ ಸೋತಿರಿ ಎಂದೂ ಬರೆಯಬೇಕು. ಎಂಥ ದೊಡ್ಡ ಮಾತು, ಅಲ್ಲವೇ? ಬಾಯಿಪಾಠದ ಹಾಗೆ ಹೇಳುತ್ತಿದ್ದೆ.

ಕಳೆದ ವರ್ಷ ಒಬ್ಬ ಹುಡುಗಿ ಬಂದಳು. ಯಾರ ಮಗಳು, ಯಾವ ಬೀದಿ, ಹೇಳುವುದಿಲ್ಲ. ಗಣಿತದಲ್ಲಿ ಒಂದು ಸಲ ಫೇಲಾಗಿ, ಮರುವರ್ಷ ಬರೆದು ಪಾಸಾಗಿದ್ದಳು. ಹೊಸ ಅಂಕಪಟ್ಟಿಯಲ್ಲಿ ಹಳೆಯ ಫೇಲು ಕಾಣುವುದಿಲ್ಲ. ಆದರೆ ಅರ್ಜಿಯಲ್ಲೊಂದು ಕಲಂ ಇರುತ್ತದೆ: "ಓದಿನಲ್ಲಿ ಒಂದು ವರ್ಷ ಬಿಟ್ಟುಹೋಗಿದ್ದರೆ ಕಾರಣ ತಿಳಿಸಿ." ಯಾಕೆ ಫೇಲಾದೆ ಎಂದು ಕೇಳಿದೆ.

"ಕಾರಣ ಏನೂ ಇಲ್ಲ ಮೇಡಂ. ಸುಮ್ನೆ ಓದ್ಲಿಲ್ಲ. ಹೆಂಗೋ ಪಾಸಾಗ್ತೀನಿ ಅನ್ಕೊಂಡೆ."

"ಹಾಗೇ ಬರಿ."

ಅವಳು ಪೆನ್ನಿನ ಮುಚ್ಚಳ ಕಚ್ಚುತ್ತಾ ನನ್ನ ಮುಖ ನೋಡಿದಳು. "ನೀವಾಗಿದ್ರೆ ಬರೀತಿದ್ರಾ ಮೇಡಂ?"

"ಮತ್ತೆ? ಬರೀದೆ ಏನು!" ಎಂದೆ.

ಅವಳು ಬರೆದಳು. ಮೂರು ಕಾಲೇಜಿಗೆ ಹಾಕಿದಳು. ಮೂರೂ ಬೇಡ ಎಂದವು. ಒಂದು ಕಾಲೇಜಿನ ಪತ್ರವನ್ನು ನಾನೇ ಓದಿದೆ: "ನಿಮ್ಮ ಪ್ರಾಮಾಣಿಕತೆಯನ್ನು ಮೆಚ್ಚುತ್ತೇವೆ. ಆದರೆ ಗಣಿತದ ತಳಪಾಯ ಸಾಲದು." ಆ ಶನಿವಾರದಿಂದ ಅವಳು ನಮ್ಮ ಮೇಜಿನ ಕಡೆ ಸುಳಿಯಲಿಲ್ಲ.

ಈಗ ನಾಲ್ಕನೇ ಸಾಲಿಗೆ ಬರೋಣ. ಸಭಿಕರೇ, ನನಗೆ ಆ ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಬಂದಿರಲಿಲ್ಲ. ನೆಗಡಿ ಕೂಡ ಬಂದಿರಲಿಲ್ಲ. ಆ ವರ್ಷ ಗುಂಡುಕಲ್ಲಿನ ಹಾಗಿದ್ದೆ. ಕೆಮಿಸ್ಟ್ರಿಯಲ್ಲಿ ಇಪ್ಪತ್ತೆರಡು ಬಂದಿತ್ತು. ನೂರಕ್ಕೆ. ಯಾಕೆ? ಸುಮ್ಮನೆ ಓದಲಿಲ್ಲ. ಹೇಗೋ ಪಾಸಾಗುತ್ತೇನೆ ಎಂದುಕೊಂಡೆ.

ಮರುವರ್ಷ ಪಾಸಾಗಿ ಅರ್ಜಿ ತುಂಬುವಾಗ ಅದೇ ಕಲಮಿನ ಮುಂದೆ ಪೆನ್ನು ನಿಂತಿತು. ಅಕ್ಕ ಬಗ್ಗಿ ನೋಡಿದಳು. "ಫೇಲು ಅಂತ ಬರೆದ್ರೆ ಯಾರೇ ಸೀಟು ಕೊಡ್ತಾರೆ? ಅಪ್ಪ ಬೇರೆ ಇದೇ ಕಡೇ ಸಲ ಅಂದಿದಾರೆ. ಟೈಫಾಯ್ಡ್ ಅಂತ ಬರಿ. ಯಾರು ಬಂದು ಜ್ವರ ನೋಡ್ತಾರೆ?" ಬರೆದೆ. ಸೀಟು ಸಿಕ್ಕಿತು. ಅಕ್ಕ, ತಲೆ ತಗ್ಗಿಸಬೇಡ. ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು ನಿನ್ನಿಂದ. ನಿನ್ನನ್ನು ದೂರುತ್ತಿಲ್ಲ. ಆಮೇಲೆ ಕೆಲಸದ ಅರ್ಜಿಯಲ್ಲೂ ಅದೇ ಜ್ವರ, ಕಂಡವರು ಕೇಳಿದರೂ ಅದೇ ಜ್ವರ. ಹೇಳಿ ಹೇಳಿ ನನಗೇ ಮೈ ಬೆಚ್ಚಗಾಗುತ್ತಿತ್ತು.

ನಿಜ ಬರೆದಿದ್ದರೆ ಸೀಟು ಸಿಗುತ್ತಿತ್ತೇ? ಗೊತ್ತಿಲ್ಲ. ಪ್ರಯೋಗಾಲಯದಲ್ಲಾದರೆ "ಪರೀಕ್ಷೆ ನಡೆಸಿಲ್ಲ" ಎಂದು ಬರೆಯುತ್ತಿದ್ದೆವು. ನಡೆಸದ ಪರೀಕ್ಷೆಯ ಫಲಿತಾಂಶವನ್ನು ನಾನು ಆ ಹುಡುಗಿಯ ಕೈಗೆ ಕೊಟ್ಟೆ. ಅವಳು ನಂಬಿದಳು. ನಂಬಿದ್ದಕ್ಕೆ ಒಂದು ವರ್ಷ ಕಳೆದುಕೊಂಡಳು. ನನಗೆ ನಾಚಿಕೆಯಾಗುತ್ತಿದೆ.

ಈ ಸಲ ಅವಳು ಕಾಮಾಲೆ ಎಂದು ಬರೆಯುತ್ತಾಳಂತೆ. "ಮೇಡಂಗೆ ಹೇಳ್ಬೇಡಿ" ಎಂದು ಗ್ರಂಥಪಾಲಕರಿಗೆ ಹೇಳಿದ್ದಳು. ನಮ್ಮ ಗ್ರಂಥಪಾಲಕರು ಪುಸ್ತಕ ಜೋಪಾನ ಮಾಡುತ್ತಾರೆ, ಗುಟ್ಟು ಮಾಡುವುದಿಲ್ಲ. ಅವಳು ಇವತ್ತು ಈ ಸಭೆಗೆ ಬಂದಿದ್ದಾಳೋ ಇಲ್ಲವೋ ತಿಳಿಯದು. ಆಗಿನಿಂದ ಹುಡುಕುತ್ತಿದ್ದೇನೆ, ಈ ದೀಪಗಳ ಬೆಳಕಿಗೆ ಹಿಂದಿನ ಸಾಲುಗಳು ಕಾಣುತ್ತಿಲ್ಲ. ಬಂದಿದ್ದರೆ ಕೇಳಮ್ಮ. ಕಾಮಾಲೆ ಬೇಡ ಅನ್ನೋ ಹಕ್ಕು ನನಗಿಲ್ಲ. ನಿನ್ನ ಅರ್ಜಿ, ನೀನೇ ಬರಿ. ಆದ್ರೆ ಅರ್ಜಿ ಜೊತೆ ಒಂದು ಶಿಫಾರಸು ಪತ್ರ ಇಡ್ಬೇಕಲ್ಲ, ಅದನ್ನ ನಾನು ಬರೀತೀನಿ. ಮೊದಲನೇ ಸಾಲು ಈಗಲೇ ಹೇಳ್ತೀನಿ ಕೇಳು: "ಈ ಪತ್ರ ಬರೆಯುತ್ತಿರುವವಳು ಕೆಮಿಸ್ಟ್ರಿಯಲ್ಲಿ ಒಂದು ಸಲ ಫೇಲಾದವಳು, ಆಮೇಲೆ ಮೂವತ್ತೊಂದು ವರ್ಷ ಕೆಮಿಸ್ಟ್ರಿಯನ್ನೇ ನಂಬಿ ಬದುಕಿದವಳು." ಅದನ್ನ ಓದಿ ನೋಡು. ಆಮೇಲೆ ಆ ಕಲಮಿನಲ್ಲಿ ಏನು ಬರೀಬೇಕೋ ನೀನೇ ತೀರ್ಮಾನ ಮಾಡು. ಸೋಮವಾರ ಕಡೇ ದಿನ. ನಾಳೆ ಭಾನುವಾರ, ಗ್ರಂಥಾಲಯಕ್ಕೆ ರಜೆ. ಬೀಗದ ಕೈ ಇಸ್ಕೊಂಡಿದ್ದೀನಿ. ಹತ್ತು ಗಂಟೆಗೆ ಮೇಜಿನ ಹತ್ರ ಇರ್ತೀನಿ.

ಐದು ನಿಮಿಷ ಆಗಲೇ ಮುಗಿಯಿತು, ಕ್ಷಮಿಸಿ. ಇನ್ನೊಂದೇ ಕೆಲಸ. ಬಿನ್ನವತ್ತಳೆಗೆ ಗಾಜು ಹಾಕಿಸುವುದು ಆಮೇಲೆ ಎಂದು ಹಾಗೆಯೇ ಕೊಟ್ಟಿದ್ದೀರಿ, ಒಳ್ಳೆಯದೇ ಆಯಿತು. ಅಧ್ಯಕ್ಷರೇ, ಸ್ವಲ್ಪ ನಿಮ್ಮ ಪೆನ್ನು ಕೊಡಿ. ನೋಡಿ, "ವಿಷಮಶೀತ ಜ್ವರ ಬಂದು ಒಂದು ವರ್ಷ ಹಾಸಿಗೆ ಹಿಡಿದರೂ" ಎನ್ನುವುದರ ಮೇಲೆ ಒಂದೇ ಗೆರೆ. ಕೆಳಗಿರುವುದು ಓದಲು ಬರುತ್ತದೆ. ಪಕ್ಕದಲ್ಲಿ: "ಕೆಮಿಸ್ಟ್ರಿಯಲ್ಲಿ ಫೇಲಾಗಿ ಒಂದು ವರ್ಷ ಕಳೆದರೂ." ಇದು ನನ್ನ ಸಹಿ. ಇವತ್ತು ತಾರೀಕು ಎಷ್ಟು? ಯಾರಾದರೂ ಹೇಳಿ.

ಹದಿನೇಳೇ?

ಯಾರೂ ತಿರುಗಿ ನೋಡಬೇಡಿ, ದಯವಿಟ್ಟು. ಆ ದನಿ ನನಗೆ ಗೊತ್ತು. ಹದಿನೇಳು, ಬರೆದುಕೊಂಡೆ ಕಣಮ್ಮ. ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಪೆನ್ನು ಕೊಟ್ಟ ಅಧ್ಯಕ್ಷರಿಗೆ, ಕಡೆಯ ಸಾಲಿನಲ್ಲಿ ಕೂತು ತಾರೀಕು ಹೇಳಿದವಳಿಗೆ ನನ್ನ ವಂದನೆಗಳು. ನಾಳೆ ಹತ್ತು ಗಂಟೆ. ನಮಸ್ಕಾರ.