ತೇವ ನೋಡುವ ಕಂಬ

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಕಾಲ ಬಳಿ ಟ್ರಂಕಿತ್ತು. ಇಬ್ಬರೂ ಹರಪನಹಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಹತ್ತುವವಳು ಸೊಸೆಯೊಬ್ಬಳೇ ಎಂಬುದು ಆಮೇಲೆ ತಿಳಿಯಿತು.

“ನಾಕು ಎಕ್ರೆ ದಾಳಿಂಬ್ರಿ ಒಣಗಿಸಿದಿ ನೋಡು, ಸುಕನ್ಯಾ.”

“ನಾ ಎಲ್ಲಿ ಒಣಗಿಸಿದ್ನಿರಿ ಅತ್ತಿ? ಡ್ರಿಪ್ಪಿನಾಗ ನೀರ ಬರಲಿಲ್ಲ.”

“ಹೆಂಗ ಬರತೈತಿ? ನೀರು ಉಳಿಸಾಕ ಅಂತ ತಂದ ಮಿಷನ್ನು, ನೆಲ ಒಣಗಿದ್ರಷ್ಟ ತಾನಾಗೇ ನೀರು ಬಿಡತೈತಿ. ನೆಲದ ತೇವ ನೋಡಾಕ ನೆಟ್ಟ ಕಂಬದ ಬುಡಕ್ಕ ನೀ ದಿನಾ ತಂಬಿಗಿ ನೀರು ಸುರುವಿದಿ. ಹೊಲ ಎಲ್ಲಾ ಹಸಿ ಐತಿ ಅಂತ ತಿಳಕೊಂಡು ಅದು ಸುಮ್ನ ಕುಂತೈತಿ.”

“ಹೊಸಾ ವಸ್ತ ಬಂದೈತಿ, ದಿನಾ ನೀರೆರದು ವಿಭೂತಿ ಹಚ್ಚಿ ಪೂಜಿ ಮಾಡು ಅಂದೋರು ನೀವ ಅಲ್ರಿ?”

ಅತ್ತೆ ವೀಳ್ಯದೆಲೆಗೆ ಸುಣ್ಣ ಸವರಿದಳು.

“ಅಂದಿದ್ದೆ.”

“ಎಲಿ ಬಾಡಾಕ ಹತ್ಯಾವ ಅಂತ ನಿಮ್ಮ ಮಗಗ ಮೂರು ಸರ್ತಿ ಹೇಳಿದ್ನಿ. ಮಿಷನ್ನಿಗಿಂತ ನೀ ಶ್ಯಾಣ್ಯಾಕಿ ಏನು ಅಂತ ಬೈದ್ರು.”

“ಗಂಡಸು ಅಂದಮ್ಯಾಲ ಬೈತಾನ.”

“ನೀರೆರಿಯಾಕ ಹೇಳಿದಾಕಿ ನಾನ ಅಂತ ಅವರ ಮುಂದ ಒಂದು ಮಾತು ಹೇಳ್ರಿ ಅತ್ತಿ. ನನ್ನ ತವರಿಗೆ ಅಟ್ಟೂದು ಬಿಡ್ತಾರ.”

“ಹಡೆದ ಮಗನ ಮುಂದ ನಾ ದಡ್ಡಿ ಆಗ್ಲೇನು?”

ಬಸ್ ಬಂತು. ಅತ್ತೆಯೇ ಟ್ರಂಕ್ ಎತ್ತಿ ಒಳಗಿಟ್ಟು, ಕಿಟಕಿಯ ಬದಿಯ ಸೀಟು ಹಿಡಿದುಕೊಟ್ಟು, ಸೊಸೆಯ ಸೆರಗು ಸರಿಮಾಡಿ ಇಳಿದಳು. ಆಮೇಲೆ ಕಿಟಕಿಯ ಹತ್ತಿರ ಬಂದಳು.

“ಅಳಬ್ಯಾಡ. ಮುಂದ ಬರೋ ಸೊಸಿಗೆ ಮೊದಲ ದಿನಾನ ಹೇಳ್ತೀನಿ, ಕಂಬಕ್ಕ ಬರೇ ಹೂವು ಏರಿಸು, ನೀರು ಎರೀಬ್ಯಾಡ ಅಂತ.”