ಒಂಬತ್ತು ಚೌಕದ ಪರೀಕ್ಷೆ

ಇಲ್ಲ ಸುಷ್ಮಾ, ನೀ ಮುಟ್ಟಬೇಡ! ಅರ್ಜಿ ನಂದು, ನಾನೇ ಒತ್ತೂದು. ಬೋಟಿನ ತಾಂಡೇಲ ನಾನಾ, ನೀನಾ? ಏಳು ಜನರನ್ನ ಸಮುದ್ರಕ್ಕೆ ಕರ್ಕೊಂಡು ಹೋಗಿ ವಾಪಸ್ ತರುವವಂಗೆ ಒಂದು ಮೊಬೈಲ್ ಒತ್ತೂಕೆ ಬರೂದಿಲ್ವಾ?

ಅಪ್ಪನ್ನ ನೋಡಿ ಎಂತಕ್ಕೆ ನಗಾಡ್ತಿ?

‘ನಾನು ರೋಬೋಟ್ ಅಲ್ಲ’... ಒತ್ತಿದೆ. ಆತು. ಈಗೆಂತ ಕೇಳ್ತದೆ? ನೀನೇ ಓದು. ಸಿಗ್ನಲ್ ದೀಪ ಇದ್ದ ಚೌಕ ಒತ್ತಬೇಕಾ? ನಮ್ಮ ತೆಂಗಿನಗುಂಡಿಯಲ್ಲಿ ಎಲ್ಲಿದೆಯೇ ಸಿಗ್ನಲ್ ದೀಪ! ಹೂಂ... ಇದು. ಮತ್ತೆ ಈ ಮೂಲೆದು.

ತಪ್ಪಾ? ಮತ್ತೂ ತಪ್ಪಾ?

ಚಿತ್ರ ಸಣ್ಣದು ಮಾರಾಯ್ತಿ. ಬಿಸಿಲು ಬೇರೆ ಹೊಡೀತದೆ. ಕಿವಿಯಲ್ಲಿ ಕೇಳಿಯೂ ಹೇಳಬಹುದಾ? ಹಾಗಾದ್ರೆ ಅದನ್ನೇ ಹಾಕು... ಅಬ್ಬಾ, ಇದೆಂತ ಗಲಾಟೆ! ಯಾರೋ ನೀರೊಳಗೆ ಮುಳುಗಿ ಇಂಗ್ಲಿಷ್ ಮಾತಾಡಿದಂಗೆ. ತೆಗಿ, ತೆಗಿ!

ಹೆದರಿಕೆ ಆಗ್ತದೆ ಮಗಾ. ಇವತ್ತೇ ಕಡೇ ದಿನ. ಲೈಸನ್ಸಿನ ಅರ್ಜಿ ಹೋಗದಿದ್ರೆ ನಾಳೆ ಬೋಟು ಹೊರಡೂದಿಲ್ಲ. ಈ ಯಂತ್ರಕ್ಕೆ ಕಣ್ಣು ಚುರುಕಿದ್ದವ ಮಾತ್ರ ಮನುಷ್ಯನಾ? ಹೊಳೆ ಸಮುದ್ರ ಸೇರೂ ಅಳಿವೆಯಲ್ಲಿ ತೆರೆ ಒಡೆಯೂ ಸದ್ದು ಕೇಳಿಯೇ ಮರಳ ದಿಬ್ಬ ಎಲ್ಲಿದೆ ಹೇಳ್ತೆ ನಾನು!

ಎಂತ? ಸದ್ದು ಎಂತಕ್ಕೆ ಕೇಳಬೇಕು ಅಂದ್ರೆ... ಮಂಜು ಕವಿದಾಗ ಮಾರಾಯ್ತಿ, ಮಂಜು ಕವಿದಾಗ. ಉಳಿದ ದಿನ ಗುರ್ತು ನೋಡಿಯೇ ಒಳಗೆ ಬರೂದು. ದಡದ ಆ ಜೋಡಿ ತೆಂಗು, ಅದರ ಹಿಂದೆ ಗುಡ್ಡದ ತುದಿ. ಎರಡೂ ಒಂದೇ ಗೆರೆಗೆ ಬಂದ್ರೆ ದಾರಿ ಸರಿ. ಇಪ್ಪತ್ತಾರು ವರ್ಷದಿಂದ ಹಾಗೇ ಬಂದವ ನಾನು.

ಮೊನ್ನೆ ಬೋಟು ದಿಬ್ಬಕ್ಕೆ ತಾಗಿದ್ದಾ? ಅದು ದಿಬ್ಬ ಜರುಗಿದ್ದು! ಮಳೆಗಾಲ ಕಳೆದ ಮೇಲೆ ಜರುಗ್ತದೆ, ಬೇಕಾದ್ರೆ ನಿನ್ನ ಗಂಡ ವಿನೋದನನ್ನೇ ಕೇಳು. ನೀರಿಗೆ ಬಿದ್ರೂ ಅವ ಎದ್ದು ಬಂದ ಅಲ್ವಾ? ಮತ್ತೆಂತಕ್ಕೆ ಅದೇ ಸುದ್ದಿ...

ತಾ ಇಲ್ಲಿ, ಇನ್ನೊಂದು ಸಲ. ಹೊಸ ಚಿತ್ರ ಬಂತಾ? ಹೂಂ, ಕಾಣ್ತದೆ. ಚಲೋ ಕಾಣ್ತದೆ. ದೀಪ ಇಲ್ಲಿದೆ. ಇಲ್ಲೂ ಒಂದು. ನಡುವಿನ ಚೌಕದಲ್ಲೂ...

ಆತಾ?

ಆತಾ ಕೇಳ್ದೆ.

ಸುಷ್ಮಾ, ಸರಿಯೋ ತಪ್ಪೋ ಹೇಳು ಮಾರಾಯ್ತಿ... ತಡಿ, ಮುಖದ ಹತ್ರ ತಂದು ನೋಡ್ತೆ...

ಕಪ್ಪು. ಪೂರ್ತಿ ಕಪ್ಪು.

ಮೊಬೈಲ್ ಬಂದ್ ಮಾಡಿ ಕೊಟ್ಯಾ ನನ್ನ ಕೈಗೆ?

ಬೈ ಮಗಾ. ಬೈದುಬಿಡು... ಕಣ್ಣು ಹೀಗಾಗಿ ಆರು ತಿಂಗಳಾತು. ಗುಡ್ಡ ಕಾಣ್ತದೆ. ತೆಂಗು ಕಾಣೂದಿಲ್ಲ. ವಿನೋದ ನನ್ನ ಕಣ್ಣೆದುರೇ ಬಿದ್ದದ್ದು... ಅವ ಕೂಗಿದ ಮೇಲೇ ನಂಗೆ ಗೊತ್ತಾಗಿದ್ದು.