ತಿಮ್ಮಪ್ಪನಿಗೆ ಹೊತ್ತ ಮುಡಿ

ಬೇರೆಯವರ ಮಾತು ಕೇಳಿಸಿಕೊಂಡು ಬರೆಯುವುದು ಸರಿಯಲ್ಲ, ಓದುವವರು ಕ್ಷಮಿಸಬೇಕು. ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅಕ್ಕ ತಂಗಿ ಕೂತಿದ್ದರು. ಪಂಚೆ, ಷರಟಿನಲ್ಲಿದ್ದ ತಂಗಿ ಊರಿನವರ ಪಾಲಿಗೆ ಇನ್ನೂ ಗಂಡುಮಗನೇ ಎಂಬುದು ಅವರ ಮಾತಿನಿಂದ ತಿಳಿಯಿತು.

“ಬೆಂಗಳೂರು ಡಾಕ್ಟ್ರು ಏನಂದ್ರೇ, ಕೊಂಡಮ್ಮ?”

“ಹಾರ್ಮೋನ್ ಇಂಜೆಕ್ಷನ್ನು ನಿಧಾನವಾಗೇ ಏರಿಸ್ತಾರಂತೆ ಅಕ್ಕ. ಸೀರೆ ಉಡೋದು ಬರೋ ಯುಗಾದಿಗೆ ಅಂತ ನಾನೇ ಇಟ್ಕೊಂಡಿದೀನಿ.”

“ಅಷ್ಟರಲ್ಲಿ ಜಡೆ ಹೆಣೆಯೋಷ್ಟು ಕೂದಲು ಬಂದಿರ್ತದೆ ಬಿಡು.”

“ಎಲ್ಲಿ ಬರ್ತದೆ? ಯಾಕೆ ಕೂದಲು ಬಿಟ್ಟವ್ನೆ ಅಂದೋರಿಗೆಲ್ಲ ತಿಮ್ಮಪ್ಪನ ಹರಕೆ ಅಂದೋಳು ನೀನು. ಈಗ ಮುನಿಶಾಮಪ್ಪ ಮಾವ ಮುಡಿ ಕೊಡ್ಸೋಕೆ ತಿರುಪತಿ ಬಸ್ಸಲ್ಲಿ ಸೀಟೇ ಹಿಡಿಸವ್ರೆ!”

“ಅಯ್ಯೋ, ನನ್ನ ಬಾಯಿಗೆ ಮಣ್ಣಾಕ! ಹೆಂಗಸ್ರು ಮೂರು ಕತ್ತರಿ ಕೊಟ್ರೆ ಸಾಕಲ್ವೇನೇ? ತುದಿ ಮಾತ್ರ ಹೋಗ್ತದೆ.”

“ಮಾವನ ಎದುರಿಗೆ ಕತ್ತರಿ ಅಂದ್ರೆ ಯುಗಾದಿವರೆಗೂ ಕಾಯೋದೇನು ಬಂತು? ಅಲ್ಲೇ ಎಲ್ಲಾ ಗೊತ್ತಾಗೋಗ್ತದೆ.”

“ಹಂಗಾದ್ರೆ ಬೋಳಿಸ್ಕೋತೀಯಾ?”

“ಸತ್ರೂ ಇಲ್ಲ.”

“ಮತ್ತೆ? ನೀನು ಹೆಣ್ಣು ಅಂತ ತಿಮ್ಮಪ್ಪನಿಗೆ ಮೊದಲೇ ಗೊತ್ತು ಕಣೇ. ಮಾವನಿಗೆ ನಾನು ಹೇಳ್ತೀನಿ.”

“ನೀನು ಹೇಳ್ಬೇಡ ತಾಯಿ, ಇನ್ನೊಂದು ಹರಕೆ ಹುಟ್ಟಿಸ್ತೀಯ! ನಾನೇ ಹೇಳ್ತೀನಿ.”

ಇಬ್ಬರೂ ನಗುತ್ತಲೇ ಶಿಡ್ಲಘಟ್ಟದ ಬಸ್ಸು ಹತ್ತಿದರು. ಮಾವ ಏನಂದರೋ, ಆ ಕೂದಲು ಉಳಿಯಿತೋ, ನನಗೆ ಗೊತ್ತಿಲ್ಲ.